ಹತ್ತು ವರ್ಷದ ಹರಟೆಕಟ್ಟೆ: ಆರ್ಕುಟ್ ತುಂಬಿದ ಬಗೆ, ಬರಿದಾದ ಬಗೆ

(ನವಲಗುಂದದಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಆರ್ಕುಟ್ ಎಂಬ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ ತಿಳಿಯದು. ನೀವು ಹುಟ್ಟುವ ಹೊತ್ತಿಗೆ ಅದು ಹುಟ್ಟಿತ್ತು. ನೀವು ಪ್ರಾಥಮಿಕ ಶಾಲೆಯಲ್ಲಿದ್ದಾಗ ಸತ್ತೂ ಹೋಯಿತು. ಆದರೆ ನಿಮ್ಮ ಮನೆಯಲ್ಲಿ ಮೂವತ್ತೈದು, ನಲವತ್ತು ವಯಸ್ಸಿನ ಅಣ್ಣನೋ ಕಾಕಾನೋ ಇದ್ದರೆ, ಅವರು ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಕಾಲೇಜು ಕಲಿತವರಾಗಿದ್ದರೆ, ಈ ಹೆಸರು ಹೇಳಿ ನೋಡಿ. ಮುಖದಲ್ಲಿ ಒಂದು ನಗೆ ಮೂಡುತ್ತದೆ. ಆ ನಗೆಯ ಹಿಂದೆ ಏನಿತ್ತು, ಅದು ಹೇಗೆ ಬೆಳೆಯಿತು, ಯಾಕೆ ಉಳಿಯಲಿಲ್ಲ ಎಂಬುದನ್ನು ವಿವರಿಸುವುದು ಇವತ್ತಿನ ನನ್ನ ಕೆಲಸ.

ಮೊದಲಿಗೆ ಒಂದು ಹಳೆಯ ಪದ್ಧತಿಯಿಂದ ಹೊರಡೋಣ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಕೇಳುವ ಮೊದಲ ಪ್ರಶ್ನೆ, "ಯಾವೂರ್ರೀ ನಿಮ್ಮದು?" ಎರಡನೆಯದು, "ಯಾರ ಪೈಕಿ?" ಈ ಎರಡು ಪ್ರಶ್ನೆ ಮುಗಿಯುವುದರೊಳಗೆ ಒಬ್ಬ ಬೀಗರೋ, ಒಬ್ಬ ಮಾಸ್ತರರೋ, ಒಬ್ಬ ಅಡತಿ ಅಂಗಡಿಯವರೋ ನಡುವೆ ಸಿಕ್ಕೇ ಸಿಗುತ್ತಾರೆ. ಅಪರಿಚಿತರು ಪರಿಚಿತರಾಗುತ್ತಾರೆ. ಕುಂದಗೋಳದ ಸಂಗೀತ ಪರಂಪರೆಯನ್ನೇ ನೋಡಿ. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. ಭೀಮಸೇನ ಜೋಶಿಯವರು ಅದೇ ಮನೆಯಲ್ಲಿ ಇದ್ದು ಕಲಿತರು. ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರ ಶಿಷ್ಯರು. ಎರಡು ಹೆಜ್ಜೆ ಇಟ್ಟರೆ ಕುಂದಗೋಳದಿಂದ ಉತ್ತರದ ಕಿರಾನಾಕ್ಕೆ ಹೋಗಿ ಮುಟ್ಟುತ್ತೀರಿ. ನಾವು ಇದನ್ನು ಘರಾಣೆ ಎನ್ನುತ್ತೇವೆ. ಗಣಿತ ಬಲ್ಲವರು ಜಾಲ ಎನ್ನುತ್ತಾರೆ.

ಈ ಜಾಲದ ಉದ್ದ ಎಷ್ಟು? ಹಂಗೇರಿಯ ಲೇಖಕ ಫ್ರಿಜೆಸ್ ಕಾರಿಂಥಿ 1929ರ ಒಂದು ಕತೆಯಲ್ಲಿ, ಜಗತ್ತಿನ ಯಾರನ್ನು ಬೇಕಾದರೂ ಐದಾರು ಪರಿಚಯದ ಕೊಂಡಿಗಳಿಂದ ಮುಟ್ಟಬಹುದೆಂಬ ಆಟವನ್ನು ಕಲ್ಪಿಸಿದ್ದ. 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ಅದನ್ನು ಅಂಚೆಯ ಮೂಲಕ ಪರೀಕ್ಷಿಸಿದ. ದೂರದ ಊರಿನ ಜನರ ಕೈಗೆ ಒಂದು ಲಕೋಟೆ ಕೊಟ್ಟು, ಇದು ಇಂಥವರಿಗೆ ತಲುಪಬೇಕು, ಆದರೆ ನೇರವಾಗಿ ಕಳಿಸದೆ ನಿಮಗೆ ಗುರುತಿರುವ ಒಬ್ಬರ ಕೈಗೇ ಕೊಡಬೇಕು ಎಂಬ ಷರತ್ತು ಹಾಕಿದ. ಬಹಳಷ್ಟು ಲಕೋಟೆಗಳು ದಾರಿಯಲ್ಲೇ ಕಳೆದುಹೋದವು. ತಲುಪಿದವುಗಳ ನಡುವಿನ ಕೈಗಳ ಸರಾಸರಿ ಲೆಕ್ಕ ಆರರ ಆಸುಪಾಸು ಬಂತು. "ಆರು ಹೆಜ್ಜೆ" ಎಂಬ ಮಾತು ಲೋಕಪ್ರಸಿದ್ಧವಾಯಿತು. ಕಳೆದುಹೋದ ಲಕೋಟೆಗಳ ಸುದ್ದಿ ಮಾತ್ರ ಅಷ್ಟು ಪ್ರಸಿದ್ಧವಾಗಲಿಲ್ಲ.

1997ರಲ್ಲಿ ಅಮೆರಿಕದಲ್ಲಿ ಇದೇ ಹೆಸರಿನ ಒಂದು ಜಾಲತಾಣ ಶುರುವಾಯಿತು. ಹೆಸರು ನೋಂದಾಯಿಸಿ, ಗೆಳೆಯರ ಪಟ್ಟಿ ಕೊಟ್ಟು, ಗೆಳೆಯರ ಗೆಳೆಯರನ್ನು ನೋಡಬಹುದಿತ್ತು. ಆದರೆ ಆಗ ಜನರ ಗೆಳೆಯರೇ ಇಂಟರ್‌ನೆಟ್‌ನಲ್ಲಿ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು. 2002ರಲ್ಲಿ ಜೊನಾಥನ್ ಅಬ್ರಾಮ್ಸ್ ಎಂಬವರು ಫ್ರೆಂಡ್‌ಸ್ಟರ್ ಆರಂಭಿಸಿದರು. ಅದು ಒಮ್ಮೆಲೇ ಬೆಳೆಯಿತು. 2003ರಲ್ಲಿ ಗೂಗಲ್ ಅದನ್ನು 3 ಕೋಟಿ ಡಾಲರ್‌ಗೆ ಕೊಳ್ಳಲು ಮುಂದಾಯಿತು, ಫ್ರೆಂಡ್‌ಸ್ಟರ್ ಒಪ್ಪಲಿಲ್ಲ. ಕೊಳ್ಳಲಾಗದ ಗೂಗಲ್‌ನ ಮನೆಯೊಳಗೇ ಆಗ ಅಂಥದೊಂದನ್ನು ಕಟ್ಟಬಲ್ಲ ಹುಡುಗನೊಬ್ಬ ಕೆಲಸಕ್ಕಿದ್ದ.

ಅವನ ಹೆಸರು ಆರ್ಕುಟ್ ಬುಯುಕ್ಕೊಕ್ಟೆನ್. ತುರ್ಕಿ ದೇಶದ ಕೊನ್ಯಾ ಪಟ್ಟಣದಲ್ಲಿ 1975ರಲ್ಲಿ ಹುಟ್ಟಿದವನು. ಕೊನ್ಯಾ ಎಂದರೆ ಸೂಫಿ ಕವಿ ರೂಮಿಯ ಸಮಾಧಿ ಇರುವ ಊರು. ಓದಿನಲ್ಲಿ ಮುಂದಿದ್ದ ಈತ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆ ಹೋದ. ಅಲ್ಲಿ 2001ರಲ್ಲಿ ವಿದ್ಯಾರ್ಥಿಗಳಿಗಾಗಿ ಕ್ಲಬ್ ನೆಕ್ಸಸ್ ಎಂಬ ಪರಿಚಯ ಜಾಲವೊಂದನ್ನು ಕಟ್ಟಿದ. ಆಮೇಲೆ ಗೂಗಲ್ ಸೇರಿದ. ಗೂಗಲ್‌ನಲ್ಲಿ ಆಗ ಒಂದು ರೂಢಿ ಇತ್ತು: ಎಂಜಿನಿಯರುಗಳು ತಮ್ಮ ವೇಳೆಯಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ಸ್ವಂತ ಆಸಕ್ತಿಯ ಕೆಲಸಕ್ಕೆ ಬಳಸಬಹುದು. ಆ ವೇಳೆಯಲ್ಲಿ ತಯಾರಾದ ತಾಣ 2004ರ ಜನವರಿಯಲ್ಲಿ ಹೊರಬಂತು. ಅದಕ್ಕೆ ಕಟ್ಟಿದವನ ಮೊದಲ ಹೆಸರನ್ನೇ ಇಟ್ಟರು. ಅವನು ಮೊದಲು ಪಾಲುದಾರನಾಗಿದ್ದ ಅಫಿನಿಟಿ ಎಂಜಿನ್ಸ್ ಎಂಬ ಕಂಪನಿ, ಇದು ನಮ್ಮ ಸಾಫ್ಟ್‌ವೇರಿನ ನಕಲು ಎಂದು ಅದೇ ವರ್ಷ ಕೋರ್ಟಿಗೆ ಹೋಯಿತು. ಆ ಸಂಗತಿ ನಮಗೆ ಇಲ್ಲಿ ಮುಖ್ಯವಲ್ಲ.

ಮುಖ್ಯವಾದದ್ದು ಒಳಗೆ ಏನಿತ್ತು ಎಂಬುದು. ಮೊದಮೊದಲು ಆರ್ಕುಟ್‌ಗೆ ಕರೆಯಿಲ್ಲದೆ ಹೋಗುವಂತಿರಲಿಲ್ಲ. ಒಳಗಿರುವ ಯಾರಾದರೂ ಆಮಂತ್ರಣ ಕಳಿಸಬೇಕು. ಮದುವೆಗೆ ಹೇಳಿ ಕಳಿಸಿದ ಹಾಗೆ. 2006ರಲ್ಲಿ ಬಾಗಿಲು ಎಲ್ಲರಿಗೂ ತೆರೆಯಿತು. ಒಳಹೊಕ್ಕರೆ ನಿಮ್ಮದೊಂದು ಪುಟ: ಹೆಸರು, ಊರು, ಓದು, ಇಷ್ಟಾನಿಷ್ಟ, ಕೆಲವೇ ಫೋಟೊ. ಒಂದು ಸ್ಕ್ರ್ಯಾಪ್ ಪುಸ್ತಕ. ಅದರಲ್ಲಿ ಯಾರು ಬೇಕಾದರೂ ನಾಲ್ಕು ಸಾಲು ಬರೆದು ಹೋಗಬಹುದು. ಈ ಪುಸ್ತಕದ ಸ್ವಾರಸ್ಯವೆಂದರೆ, ನೀವು ಬರೆದದ್ದು ನನ್ನ ಪುಸ್ತಕದಲ್ಲಿ, ನಾನು ಕೊಟ್ಟ ಉತ್ತರ ನಿಮ್ಮ ಪುಸ್ತಕದಲ್ಲಿ. ಇಬ್ಬರ ಮಾತು ಪೂರ್ತಿ ತಿಳಿಯಬೇಕಾದರೆ ಮೂರನೆಯವನು ಎರಡು ಮನೆಯ ಬಾಗಿಲಲ್ಲೂ ನಿಂತು ಓದಬೇಕು. ಓದುತ್ತಿದ್ದರು ಕೂಡ! ಮೊದಲ ವರ್ಷಗಳಲ್ಲಿ ಆ ಪುಸ್ತಕಕ್ಕೆ ಬೀಗವಿರಲಿಲ್ಲ. ನಿಮ್ಮ ಪುಟಕ್ಕೆ ಇತ್ತೀಚೆಗೆ ಯಾರು ಬಂದು ಹೋದರು ಎಂದು ತೋರಿಸುವ ಸೌಲಭ್ಯ ಬಂದಾಗ ಅನೇಕ ತರುಣರ ಎದೆ ಡವಗುಟ್ಟಿತು. ತಾವು ಯಾರ ಪುಟಕ್ಕೆ ದಿನಕ್ಕೆ ನಾಲ್ಕು ಸಲ ಹೋಗುತ್ತಿದ್ದೆವೆಂಬುದು ಈಗ ಅವರಿಗೂ ಗೊತ್ತಾಗುವಂತಾಯಿತು.

ಇನ್ನೂ ಕೆಲವು ವಿಚಿತ್ರಗಳಿದ್ದವು. ಗೆಳೆಯನೊಬ್ಬ ಎಷ್ಟು ನಂಬಿಕಸ್ಥ, ಎಷ್ಟು ಗತ್ತಿನವ, ಎಷ್ಟು ಆಕರ್ಷಕ ಎಂದು ಅಂಕ ಕೊಡಬಹುದಿತ್ತು. ಯಾರಿಗಾದರೂ "ಅಭಿಮಾನಿ" ಎಂದು ಗುರುತು ಹಾಕಿಕೊಳ್ಳಬಹುದಿತ್ತು. ಅಪರಿಚಿತನ ಪುಟ ತೆರೆದರೆ, ಇವನಿಗೂ ನಿನಗೂ ನಡುವೆ ಇಂಥಿಂಥವರು ಇದ್ದಾರೆ ಎಂದು ಹೆಸರುಗಳ ಸರಪಣಿಯನ್ನೇ ಮೇಲೆ ಬರೆದು ತೋರಿಸುತ್ತಿತ್ತು. ನಮ್ಮ "ಯಾರ ಪೈಕಿ" ಪ್ರಶ್ನೆಗೆ ಯಂತ್ರವೇ ಉತ್ತರ ಕೊಟ್ಟ ಹಾಗೆ. ಜನ ಹೆಚ್ಚಾಗಿ ಯಂತ್ರ ದಣಿದಾಗ ತೆರೆಯ ಮೇಲೆ ಒಂದು ತಮಾಷೆಯ ಒಕ್ಕಣೆ ಬರುತ್ತಿತ್ತು: ಸರ್ವರ್ ಕೆಟ್ಟದ್ದು, ಅದಕ್ಕೆ ಇವತ್ತು ತಿನ್ನಲು ಡೋನಟ್ ಕೊಡುವುದಿಲ್ಲ ಎಂದು. ಡೋನಟ್ ಎಂದರೇನೆಂದು ಅರಿಯದ ಹುಡುಗರೂ ಆ ಸಾಲನ್ನು ಬಾಯಿಪಾಠ ಮಾಡಿದ್ದರು.

ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಸಮುದಾಯಗಳಿದ್ದವು. ಊರಿನ ಹೆಸರಿನವು, ಕಾಲೇಜಿನ ಹೆಸರಿನವು, ಸಿನಿಮಾ ನಟರವು, ಜಾತಿ ಒಳಜಾತಿಗಳವು, ಮುಂಜಾನೆ ಬೇಗ ಏಳಲಾರದವರ ಸಮುದಾಯದಂಥ ಹುಡುಗಾಟದವು. ಯಾರು ಬೇಕಾದರೂ ಒಂದನ್ನು ತೆರೆಯಬಹುದು. ಅದರೊಳಗೆ ವಿಷಯ ಎತ್ತಿ ಚರ್ಚಿಸಬಹುದು.

ಇಂಥ ತಾಣ ಹುಟ್ಟಿದ ದೇಶದಲ್ಲಿ ನೆಲೆ ನಿಲ್ಲಲಿಲ್ಲ. 2004ರ ನಡುಭಾಗದ ಹೊತ್ತಿಗೇ ಅಮೆರಿಕನ್ನರಿಗಿಂತ ಬ್ರೆಜಿಲ್‌ನವರ ಸಂಖ್ಯೆ ಹೆಚ್ಚಾಗಿತ್ತು. ಎಲ್ಲಿ ನೋಡಿದರೂ ಪೋರ್ಚುಗೀಸ್ ಮಾತು. ಇಂಗ್ಲಿಷಿನವರು ಗೊಣಗಿ ಹೊರಟರು. ಬ್ರೆಜಿಲ್ ನಂತರದ ಎರಡನೆಯ ದೊಡ್ಡ ನೆಲೆ ಭಾರತ. ಯಾಕೆ ಈ ಎರಡೇ ದೇಶಗಳು ಎಂದು ಬಹಳ ಜನ ಬಹಳ ಬಗೆಯ ವಿವರಣೆ ಕೊಟ್ಟಿದ್ದಾರೆ. ನನಗೆ ತೋರುವುದು ಇಷ್ಟು: ಎರಡೂ ದೇಶಗಳಲ್ಲಿ ಆಗ ಹೊಸದಾಗಿ ಇಂಟರ್‌ನೆಟ್ ಮುಟ್ಟಿದ ದೊಡ್ಡ ತರುಣ ಸಮೂಹವಿತ್ತು, ಎರಡೂ ಕಡೆ ಜನಕ್ಕೆ ನೆಂಟಸ್ತಿಕೆ, ಹರಟೆ ಎಂದರೆ ಪ್ರಾಣ. ಫೇಸ್‌ಬುಕ್ ಆಗ ಅಮೆರಿಕದ ಕಾಲೇಜುಗಳ ಗೋಡೆಯೊಳಗಿತ್ತು. ಖಾಲಿ ಇದ್ದ ಕಟ್ಟೆಯ ಮೇಲೆ ನಮ್ಮವರು ಕೂತರು.

ನಮ್ಮ ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಇದು ಬಂದ ದಾರಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕದ್ದು 1995ರ ಆಗಸ್ಟ್ 15ರಂದು, ಆಗ ಸರಕಾರದ್ದಾಗಿದ್ದ ವಿದೇಶ ಸಂಚಾರ ನಿಗಮದ ಮೂಲಕ. ಅದು ದೊಡ್ಡ ನಗರಗಳ ಮಾತು. ನವಲಗುಂದ, ಕುಂದಗೋಳ, ಕಲಘಟಗಿಯ ರೈತ ಮೊದಲ ಸಲ ಕಂಪ್ಯೂಟರಿನ ಎದುರು ಸರತಿ ನಿಂತದ್ದು ಗೆಳೆತನಕ್ಕಲ್ಲ, ಉತಾರಕ್ಕೆ. ಈ ಶತಮಾನದ ಮೊದಲ ಒಂದೆರಡು ವರ್ಷಗಳಲ್ಲಿ ಭೂಮಿ ಯೋಜನೆ ಬಂದು ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ತಹಶೀಲ್ದಾರ ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಉತಾರ ಕೈಗೆ. ಅಪ್ಪ ಆ ಕಿಂಡಿಯ ಮುಂದೆ ನಿಂತಿದ್ದ ಕಾಲಕ್ಕೆ ಮಗ ಹುಬ್ಬಳ್ಳಿಯಲ್ಲಿ ಸೈಬರ್ ಕೆಫೆಯ ಪ್ಲೈವುಡ್ ಗೂಡಿನೊಳಗೆ ಕುಳಿತಿದ್ದ.

ಆ ಗೂಡುಗಳನ್ನು ನೀವು ಕಂಡಿಲ್ಲ. ಎದೆಮಟ್ಟದ ಅಡ್ಡಗೋಡೆ, ಹಿಂದಕ್ಕೆ ಉಬ್ಬಿದ ಟೀವಿಯಂಥ ಮಾನಿಟರು, ಅಕ್ಷರ ಅಳಿಸಿದ ಕೀಲಿಮಣೆ, ಬಾಗಿಲ ಬಳಿ ಹೆಸರು, ವೇಳೆ ಬರೆಯುವ ರಜಿಸ್ಟರು. 2004ರಲ್ಲಿ ರಾಜ್ಯ ಸರಕಾರ ಸೈಬರ್ ಕೆಫೆಗಳಿಗೆ ನಿಯಮ ಮಾಡಿ ಬಂದವರ ಗುರುತು, ವಿಳಾಸ ದಾಖಲಿಸಬೇಕೆಂದಿತು. ಗಂಟೆಗೆ ಇಷ್ಟು ರೂಪಾಯಿ ಎಂದು ದರ. ಅಣ್ಣಿಗೇರಿಯಿಂದಲೋ ನವಲಗುಂದದಿಂದಲೋ ಬಸ್ ಪಾಸಿನ ಮೇಲೆ ದಿನಾ ಓಡಾಡುವ ವಿದ್ಯಾರ್ಥಿಗೆ ಸಂಜೆಯ ಬಸ್ಸಿಗೆ ಮೊದಲು ಸಿಗುತ್ತಿದ್ದದ್ದು ಅರ್ಧ ಗಂಟೆ. ಅದರಲ್ಲಿ ಹತ್ತು ನಿಮಿಷ ಪುಟ ತೆರೆದುಕೊಳ್ಳುವುದನ್ನು ಕಾಯುವುದಕ್ಕೇ ಹೋಗುತ್ತಿತ್ತು. ಹಾಸ್ಟೆಲಿನಲ್ಲಿ ಇದ್ದವರಿಗೆ ಸ್ವಲ್ಪ ಹೆಚ್ಚು ಅವಕಾಶ. ಹುಡುಗಿಯರಿಗೆ ಬಹಳ ಕಡಿಮೆ. ಕೆಫೆಯ ಗೂಡಿನೊಳಗೆ ಒಬ್ಬಳೇ ಹೋಗಿ ಕುಳಿತರೆ ನೋಡಿದವರು ಏನೆಂದಾರು ಎಂಬ ಅಂಜಿಕೆ ಒಂದು. ಫೋಟೊ ಹಾಕಿದರೆ ಅದನ್ನು ಕದ್ದು ಇನ್ನೊಬ್ಬರು ಅದೇ ಹೆಸರಿನಲ್ಲಿ ಪುಟ ತೆರೆಯುತ್ತಾರೆಂಬ ಅಂಜಿಕೆ ಇನ್ನೊಂದು. ಎರಡನೆಯದು ಬರೀ ಅಂಜಿಕೆಯಾಗಿರಲಿಲ್ಲ, ಹಾಗೆ ಆಗುತ್ತಲೂ ಇತ್ತು. ಅದಕ್ಕೇ ಆ ಕಾಲದ ಹುಡುಗಿಯರ ಪುಟಗಳಲ್ಲಿ ಸ್ವಂತ ಮುಖದ ಬದಲು ಹೂವು, ಕೂಸು, ಚಿತ್ರನಟಿಯರು ಕಾಣುತ್ತಿದ್ದರು. ಅಲ್ಲಿ ಎಲ್ಲರೂ ಸಮಾನರಾಗಿದ್ದರು ಎಂದು ಈಗ ನೆನೆದು ಹೊಗಳುವವರು ಈ ಹೂವುಗಳನ್ನು ಮರೆಯಬಾರದು.

ಭಾಷೆಯ ಸಂಗತಿ ಇನ್ನೂ ಕುತೂಹಲದ್ದು. ಕನ್ನಡ ಲಿಪಿ ಯುನಿಕೋಡ್ ಎಂಬ ಜಾಗತಿಕ ಸಂಕೇತ ಪಟ್ಟಿಯಲ್ಲಿ 1991ರಿಂದಲೇ ಇತ್ತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ತಂತ್ರಾಂಶ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಆದರೂ ಕೆಫೆಯ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳ ಜಾಗದಲ್ಲಿ ಚೌಕಗಳೇ ಕಾಣುತ್ತಿದ್ದವು. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಅಕ್ಷರವಿತ್ತು, ಆದರೆ ಅದನ್ನು ಮೂಲ ಸೀಡಿ ಹಾಕಿ ಎಬ್ಬಿಸಬೇಕಿತ್ತು. ಕೆಫೆಯ ಮಾಲೀಕರಿಗೆ ಅದರ ಗೊಡವೆ ಬೇಕಿರಲಿಲ್ಲ. ಹೀಗಾಗಿ ನಮ್ಮವರು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದರು. ವಿಶೇಷವೆಂದರೆ ಪುಸ್ತಕದ ಕನ್ನಡವನ್ನಲ್ಲ, ಮನೆಯ ಕನ್ನಡವನ್ನು ಬರೆದರು. "ಹೆಂಗದೀಲೇ ದೋಸ್ತಾ", "ಊರಾಗ ಮಳಿ ಆತೇನು", "ಯಾವಾಗ ಬರ್ತೀಪಾ" ಎಂಬಂಥ ಮಾತುಗಳು ಶಾಲೆಯ ಪಟ್ಟಿಯಲ್ಲಿ ಬರೆದರೆ ಮಾಸ್ತರರು ತಿದ್ದುತ್ತಿದ್ದರು. ಇಲ್ಲಿ ತಿದ್ದುವವರಿರಲಿಲ್ಲ. ಧಾರವಾಡದ ಆಡುಮಾತಿಗೆ ಬೇಂದ್ರೆಯವರಂಥ ಕವಿಗಳು ಎಂದೋ ಸಾಹಿತ್ಯದಲ್ಲಿ ಪಟ್ಟ ಕಟ್ಟಿದ್ದರು. ಆದರೆ ಸಾಹಿತಿಗಳಲ್ಲದ ಸಾವಿರಾರು ತರುಣರು ಅದನ್ನು ದಿನನಿತ್ಯ, ಒಬ್ಬರಿಗೊಬ್ಬರು, ಬರವಣಿಗೆಯಲ್ಲಿ ಬಳಸಿದ್ದು ಬಹುಶಃ ಇದೇ ಮೊದಲು. ಮುಂದೆ ಗೂಗಲ್, ಇಂಗ್ಲಿಷ್ ಕೀಲಿಯಲ್ಲಿ ಒತ್ತಿದ್ದನ್ನು ಕನ್ನಡ ಲಿಪಿಗೆ ತಿರುಗಿಸುವ ಸಲಕರಣೆಯನ್ನೂ ಕೊಟ್ಟಿತು. ಅದನ್ನು ಬಳಸಿದವರು ಬಳಸಿದರು. ಹೆಚ್ಚಿನವರಿಗೆ ಹಳೆಯ ರೂಢಿಯೇ ಕೈಗೆ ಹತ್ತಿತ್ತು.

ಆರ್ಕುಟ್‌ನ ಇನ್ನೊಂದು ಅಂಗ ಪ್ರಶಂಸಾಪತ್ರ. ಅದನ್ನು ಟೆಸ್ಟಿಮೋನಿಯಲ್ ಎನ್ನುತ್ತಿದ್ದರು. ಗೆಳೆಯ ನಿಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಕಳಿಸುವುದು, ನೀವು ಒಪ್ಪಿದರೆ ಅದು ನಿಮ್ಮ ಪುಟದ ಮೇಲೆ ಎಲ್ಲರಿಗೂ ಕಾಣುವುದು. ಕಾಲೇಜು ಬಿಡುವ ದಿನ ಆಟೋಗ್ರಾಫ್ ಪುಸ್ತಕದಲ್ಲಿ ಬರೆಯುತ್ತಿದ್ದದ್ದೇ ಇಲ್ಲಿಗೆ ಬಂತು. ಅತಿಶಯೋಕ್ತಿಗೆ ಕೊರತೆಯಿರಲಿಲ್ಲ. ಹೊಗಳಿಕೆಯ ಈ ಕಲೆ ನಮ್ಮ ಭಾಗಕ್ಕೆ ಹೊಸದೇನಲ್ಲವೆಂದು ಹೇಳುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

ಈಗಿನ ತೆಲಂಗಾಣದ ಕರೀಂನಗರದ ಹತ್ತಿರ ಕುರಿಕ್ಯಾಲ ಎಂಬ ಊರಿದೆ. ಅಲ್ಲಿನ ಬೊಮ್ಮಲಗುಟ್ಟದ ಬಂಡೆಯ ಮೇಲೆ ಹತ್ತನೆಯ ಶತಮಾನದ ಒಂದು ಶಾಸನ; ಸಂಸ್ಕೃತ, ತೆಲುಗು, ಕನ್ನಡ ಮೂರು ಭಾಷೆಯಲ್ಲಿದೆ. ಅದನ್ನು ಬರೆಸಿದವನು ಆದಿಕವಿ ಪಂಪನ ತಮ್ಮ ಜಿನವಲ್ಲಭ. ಅಣ್ಣನ ಕವಿತ್ವದ ಹೊಗಳಿಕೆ ಅದರಲ್ಲಿದೆ. ಅರಿಕೇಸರಿ ಅವನಿಗೆ ಧರ್ಮಪುರವನ್ನು ಕೊಟ್ಟ ಸಂಗತಿ ಇದೆ. ಅದರ ಜೊತೆಗೆ ಮನೆತನದ ವಿವರವೂ ಇದೆ: ತಾಯಿ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಗಮನಿಸಿ, ಪಂಪನ ತಾಯಿ ಅಣ್ಣಿಗೇರಿಯವಳೆಂಬ ಈ ಸಂಗತಿ ನಮಗೆ ತಿಳಿದದ್ದು ಅಣ್ಣಿಗೇರಿಯಿಂದಲ್ಲ. ನೂರಾರು ಮೈಲಿ ಆಚೆ, ಒಬ್ಬ ತಮ್ಮ ಅಣ್ಣನನ್ನು ಹೊಗಳುವ ಸಂಭ್ರಮದಲ್ಲಿ "ನಮ್ಮವ್ವ ಇಂಥವರ ಪೈಕಿ" ಎಂದು ಬಂಡೆಯ ಮೇಲೆ ಕೊರೆಸಿದ್ದರಿಂದ. ಸಾವಿರ ವರ್ಷ ದಾಟಿದರೂ ಅದನ್ನು ಓದಬಹುದು. ಆರ್ಕುಟ್‌ನಲ್ಲಿ 2006ರಲ್ಲಿ ಅಣ್ಣಿಗೇರಿಯ ಹುಡುಗನೊಬ್ಬ ತನ್ನ ಗೆಳೆಯನ ಬಗ್ಗೆ ಬರೆದದ್ದನ್ನು ಇವತ್ತು ಯಾರೂ ಓದಲಾರರು. ಎರಡರ ಸಾಹಿತ್ಯ ಗುಣವನ್ನು ನಾನು ಹೋಲಿಸುತ್ತಿಲ್ಲ. ಆದರೆ ಮುಂದಿನ ಇತಿಹಾಸಕಾರನಿಗೆ ಯಾವ ಸಾಲು ಬೇಕಾದೀತು ಎಂದು ಬರೆಯುವಾಗ ಯಾರಿಗೂ ಗೊತ್ತಿರುವುದಿಲ್ಲ, ಜಿನವಲ್ಲಭನಿಗೂ ಗೊತ್ತಿರಲಿಲ್ಲ.

ಇನ್ನು ಕತ್ತಲ ಬದಿಗೆ ಬರೋಣ. ಯಾರು ಬೇಕಾದರೂ ಯಾವ ಹೆಸರಿನಿಂದ ಬೇಕಾದರೂ ಬರೆಯಬಹುದೆಂದ ಮೇಲೆ ದ್ವೇಷವೂ ಬಂತು. ಮಹಾಪುರುಷರನ್ನು, ಧರ್ಮಗಳನ್ನು, ದೇಶವನ್ನು ಹೀಯಾಳಿಸುವ ಸಮುದಾಯಗಳು ಹುಟ್ಟಿದವು. 2006 ಮತ್ತು 2007ರಲ್ಲಿ ಮಹಾರಾಷ್ಟ್ರದಲ್ಲಿ ಶಿವಸೇನೆಯ ಕಾರ್ಯಕರ್ತರು ಸೈಬರ್ ಕೆಫೆಗಳ ಮೇಲೆ ದಾಳಿ ಮಾಡಿದರು. ಬರೆದವನು ಯಾರೋ, ಒಡೆದದ್ದು ಯಾರದೋ ಗಾಜು. ಇದಕ್ಕಿಂತ ಕಠೋರವಾದದ್ದು ನಮ್ಮ ರಾಜ್ಯದವನೇ ಒಬ್ಬನಿಗೆ ಆಯಿತು. 2007ರ ಆಗಸ್ಟ್ ಕೊನೆಯಲ್ಲಿ ಪುಣೆಯ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ತರುಣ ಸಾಫ್ಟ್‌ವೇರ್ ಎಂಜಿನಿಯರನನ್ನು ಮನೆಯಿಂದ ಹಿಡಿದೊಯ್ದರು. ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರಿಗೆ ಅವಮಾನವಾಗುವ ಚಿತ್ರ ಹಾಕಿದನೆಂಬುದು ಆರೋಪ. ಅವನು ಅಂಥದೇನೂ ಮಾಡಿರಲಿಲ್ಲ.

ಇದು ಹೇಗಾಯಿತೆಂದು ತಿಳಿಯಲು ಸ್ವಲ್ಪ ತಾಂತ್ರಿಕ ವಿವರ ಬೇಕು. ಇಂಟರ್‌ನೆಟ್‌ಗೆ ಸೇರಿದ ಪ್ರತಿ ಕಂಪ್ಯೂಟರಿಗೆ ಆ ಹೊತ್ತಿಗೆ ಒಂದು ಸಂಖ್ಯೆ ಇರುತ್ತದೆ. ಅದನ್ನು ಐಪಿ ವಿಳಾಸ ಎನ್ನುತ್ತಾರೆ. ಆದರೆ ಅದು ನಿಮ್ಮ ಮನೆ ನಂಬರಿನಂತೆ ಸ್ಥಿರವಲ್ಲ. ಲಾಡ್ಜಿನ ಕೋಣೆಯ ಹಾಗೆ: ಬೆಳಿಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು. ಹನ್ನೆರಡನೆಯ ನಂಬರಿನ ಕೋಣೆಯಲ್ಲಿ ಅಪರಾಧವಾಯಿತು ಎಂದರೆ ಸಾಲದು, ಎಷ್ಟು ಗಂಟೆಗೆ ಎಂಬುದನ್ನು ರಜಿಸ್ಟರಿನಲ್ಲಿ ಸರಿಯಾಗಿ ನೋಡಬೇಕು. ಇಂಟರ್‌ನೆಟ್ ಸೌಲಭ್ಯ ಕೊಡುತ್ತಿದ್ದ ಕಂಪನಿ ಪೊಲೀಸರಿಗೆ ಕೊಟ್ಟ ವಿವರ ತಪ್ಪಾಗಿತ್ತು. ಆ ತಪ್ಪು ಬೆಳಕಿಗೆ ಬಂದು ಅವನು ಹೊರಬರುವಷ್ಟರಲ್ಲಿ ಯರವಡಾ ಜೈಲಿನಲ್ಲಿ 50 ದಿನ ಕಳೆದಿದ್ದವು. ಆರ್ಕುಟ್‌ನ ಬಗ್ಗೆ ಮಾತನಾಡುವಾಗ ಎಲ್ಲರೂ ಹಳೆಯ ಗೆಳೆಯರನ್ನು ನೆನೆಯುತ್ತಾರೆ. ಆ 50 ದಿನಗಳೂ ಆರ್ಕುಟ್‌ನ ಚರಿತ್ರೆಗೇ ಸೇರಿದವು. ಈಗ ನಿಮ್ಮ ಕೈಯ ಫೋನಿನಲ್ಲಿ ಬಂದದ್ದನ್ನು ಮುಂದಕ್ಕೆ ಕಳಿಸಿದ ಆರೋಪದ ಮೇಲೆ ಯಾರಾದರೂ ಠಾಣೆಗೆ ಹೋದರೆ, ಮೊದಲು ಕೇಳಬೇಕಾದ ಪ್ರಶ್ನೆ ಆಗಿನದೇ: ಕಳಿಸಿದವನು ಇವನೇ ಎಂಬುದಕ್ಕೆ ಲೆಕ್ಕ ಸರಿಯಿದೆಯೇ?

ಅವನತಿ ಹೇಗೆ ಬಂತು? ಆರ್ಕುಟ್ ಹೊರಬಂದ ಎರಡು ವಾರದೊಳಗೆ, 2004ರ ಫೆಬ್ರುವರಿ 4ರಂದು, ಹಾರ್ವರ್ಡ್‌ನಲ್ಲಿ ಫೇಸ್‌ಬುಕ್ ಶುರುವಾಗಿತ್ತು. 2006ರ ಸೆಪ್ಟೆಂಬರಿನಲ್ಲಿ ಅದು ಎರಡು ಕೆಲಸ ಮಾಡಿತು. ಒಂದು, ಕಾಲೇಜಿನವರಲ್ಲದೆ ಎಲ್ಲರಿಗೂ ಬಾಗಿಲು ತೆರೆಯಿತು. ಇನ್ನೊಂದು, ನ್ಯೂಸ್ ಫೀಡ್ ಎಂಬ ಹೊಸ ಪದ್ಧತಿ ತಂದಿತು. ಆರ್ಕುಟ್‌ನಲ್ಲಿ ಗೆಳೆಯನ ಸುದ್ದಿ ತಿಳಿಯಬೇಕಾದರೆ ಅವನ ಮನೆಗೇ ಹೋಗಬೇಕು. ಇಪ್ಪತ್ತು ಗೆಳೆಯರಿದ್ದರೆ ಇಪ್ಪತ್ತು ಮನೆ ತಿರುಗಬೇಕು. ಫೇಸ್‌ಬುಕ್‌ನಲ್ಲಿ ಎಲ್ಲರ ಸುದ್ದಿಯೂ ನೀವು ಕುಳಿತಲ್ಲಿಗೇ ಬರುತ್ತದೆ. ಮೊದಲು ಇದನ್ನು ಜನ ವಿರೋಧಿಸಿದರು, ಆಮೇಲೆ ಇದಿಲ್ಲದೆ ಇರಲಾರದವರಾದರು. ಜೊತೆಗೆ ಆರ್ಕುಟ್ ತುಂಬ ಸುಳ್ಳು ಪುಟಗಳು, ಮಿನುಗುವ ಚಿತ್ರಗಳ ಕಸ, ಒತ್ತಿದರೆ ರೋಗ ಹತ್ತುವ ಕೊಂಡಿಗಳು ಹೆಚ್ಚಾಗಿದ್ದವು. 2008ರ ಆಗಸ್ಟಿನಲ್ಲಿ ಗೂಗಲ್ ಆರ್ಕುಟ್‌ನ ಆಡಳಿತವನ್ನು ಬ್ರೆಜಿಲ್‌ನ ಬೆಲೊ ಹೊರಿಜಾಂಟೆ ನಗರಕ್ಕೆ ಸಾಗಿಸಿತು. ಮಾಲೀಕನ ಮನಸ್ಸು ಬೇರೆಡೆ ಹೋಗಿದೆ ಎಂಬುದು ಬಲ್ಲವರಿಗೆ ಆಗಲೇ ಅರ್ಥವಾಗಿತ್ತು.

ಇನ್ನೊಂದು ಕಾರಣವನ್ನು ಯಾವ ವರದಿಯೂ ಬರೆಯಲಾರದು, ನಾನು ಹೇಳುತ್ತೇನೆ. ಬೆಂಗಳೂರಿನ ಕಂಪನಿಗಳಲ್ಲಿ ಕೆಲಸಕ್ಕೆ ಸೇರಿದ ನಮ್ಮ ಹುಡುಗರಿಗೆ ಫೇಸ್‌ಬುಕ್ ಎಂದರೆ ಇಂಗ್ಲಿಷು, ವಿದೇಶ, ಬಡ್ತಿ; ಆರ್ಕುಟ್ ಎಂದರೆ ಊರು, ಹಾಸ್ಟೆಲ್ಲು, ಬಿಟ್ಟುಬಂದದ್ದು. ಪ್ಯಾಂಟು ಶರ್ಟು ಬದಲಿಸಿದ ಹಾಗೆ ಕಟ್ಟೆಯನ್ನೂ ಬದಲಿಸಿದರು. ಊರಿನಲ್ಲಿ ಉಳಿದವರು ಸ್ವಲ್ಪ ಕಾಲ ಅಲ್ಲೇ ಕುಳಿತಿದ್ದು, ಯಾರೂ ಬರದಿದ್ದಾಗ ಎದ್ದು ನಡೆದರು.

2010ರ ಜುಲೈ ತಿಂಗಳ ಕಾಮ್‌ಸ್ಕೋರ್ ಲೆಕ್ಕದ ಪ್ರಕಾರ ಭಾರತದಲ್ಲಿ ಫೇಸ್‌ಬುಕ್‌ಗೆ 2 ಕೋಟಿ 9 ಲಕ್ಷ ಜನ ಭೇಟಿ ಕೊಟ್ಟಿದ್ದರೆ, ಆರ್ಕುಟ್‌ಗೆ 1 ಕೋಟಿ 99 ಲಕ್ಷ. ಮೊದಲ ಸಲ ತಕ್ಕಡಿ ಆ ಕಡೆ ವಾಲಿತು. ಆದರೆ ಈ ಲೆಕ್ಕದ ಅಡಿಯಲ್ಲಿ ಒಂದು ಸಣ್ಣ ಸೂಚನೆ ಇರುತ್ತಿತ್ತು: ಮನೆ ಮತ್ತು ಕಚೇರಿಯ ಕಂಪ್ಯೂಟರುಗಳನ್ನು ಮಾತ್ರ ಎಣಿಸಿದೆ, ಸೈಬರ್ ಕೆಫೆ ಮತ್ತು ಮೊಬೈಲ್ ಇದರಲ್ಲಿ ಸೇರಿಲ್ಲ ಎಂದು. ಅಂದರೆ ಹುಬ್ಬಳ್ಳಿಯ ಗೂಡಿನಲ್ಲಿ ಕುಳಿತ ಕಲಘಟಗಿಯ ಹುಡುಗ ಆ ಕೋಟಿಗಳಲ್ಲಿ ಎಲ್ಲೂ ಇರಲಿಲ್ಲ. ಅವನು ಯಾವಾಗ ಬಂದ, ಯಾವಾಗ ಹೋದ ಎಂಬುದಕ್ಕೆ ಕೆಫೆಯ ರಜಿಸ್ಟರು ಬಿಟ್ಟರೆ ಬೇರೆ ದಾಖಲೆಯಿಲ್ಲ. ಆ ರಜಿಸ್ಟರುಗಳು ಯಾವಾಗಲೋ ರದ್ದಿಗೆ ಹೋಗಿವೆ.

ಇಂಥ ತಾಣಗಳು ನಿಧಾನವಾಗಿ ಏಕೆ ಸೊರಗುವುದಿಲ್ಲ, ಒಮ್ಮೆಲೇ ಏಕೆ ಕುಸಿಯುತ್ತವೆ? 2013ರಲ್ಲಿ ಜೂರಿಕ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದ ಡೇವಿಡ್ ಗಾರ್ಸಿಯಾ ಮತ್ತು ಸಂಗಡಿಗರು ಫ್ರೆಂಡ್‌ಸ್ಟರ್‌ನ "ಶವಪರೀಕ್ಷೆ" ಮಾಡಿ ಒಂದು ಪ್ರಬಂಧ ಬರೆದರು. ಹೋಲಿಕೆಗೆ ಆರ್ಕುಟ್, ಫೇಸ್‌ಬುಕ್ ಮುಂತಾದವನ್ನೂ ತೆಗೆದುಕೊಂಡಿದ್ದರು. ಅವರ ತರ್ಕವನ್ನು ನಮ್ಮ ಮುಯ್ಯಾಳಿನ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಓಣಿಯಲ್ಲಿ ಪ್ರತಿಯೊಬ್ಬನಿಗೂ ಕನಿಷ್ಠ ಮೂರು ಮನೆಯ ಮುಯ್ಯಾಳು ಸಿಕ್ಕರೆ ಮಾತ್ರ ಹೊಲದ ಕೆಲಸ ಸಾಗುತ್ತದೆ ಎನ್ನಿ. ನಾಲ್ಕು ಮನೆಯ ಸಂಬಂಧ ಇದ್ದವನಿಗೆ ಒಬ್ಬ ಊರು ಬಿಟ್ಟರೆ ಚಿಂತೆಯಿಲ್ಲ. ಮೂರೇ ಮನೆ ಇದ್ದವನಿಗೆ ಒಬ್ಬ ಹೋದರೂ ಕಷ್ಟ, ಅವನೂ ಹೋಗುತ್ತಾನೆ. ಅವನು ಹೋದದ್ದರಿಂದ ನಾಲ್ಕು ಇದ್ದವನಿಗೆ ಈಗ ಮೂರು, ಇನ್ನೊಬ್ಬ ಹೋದರೆ ಎರಡು. ಹೀಗೆ ಹೊರಗಿನ ಅಂಚಿನಿಂದ ಶುರುವಾದ ಗುಳೆ ಓಣಿಯ ನಡುವಿನವರೆಗೆ ಬರುತ್ತದೆ. ಒಟ್ಟು ಜನಸಂಖ್ಯೆ ಎಷ್ಟೇ ದೊಡ್ಡದಿರಲಿ, ಎಲ್ಲರೂ ಎರಡು ಮೂರು ಎಳೆಗಳಿಂದಷ್ಟೇ ನೇಯ್ದುಕೊಂಡಿದ್ದರೆ ಬಿಚ್ಚುವುದಕ್ಕೆ ಹೊತ್ತು ಬೇಡ. ಗಟ್ಟಿ ಉಳಿಯುವುದು ಒತ್ತಾಗಿ ಹೆಣೆದುಕೊಂಡ ನಡುಭಾಗ. ನವಲಗುಂದದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಲ್ಲಿನ ಜಮಖಾನೆ ನೇಯುವ ಹೆಣ್ಣುಮಕ್ಕಳನ್ನು ಕೇಳಿದರೆ ಅಂಚು ಬಿಟ್ಟರೆ ಏನಾಗುತ್ತದೆಂದು ಹೇಳುತ್ತಾರೆ.

2011ರ ಜೂನ್‌ನಲ್ಲಿ ಗೂಗಲ್ ತಾನೇ ಗೂಗಲ್ ಪ್ಲಸ್ ಎಂಬ ಹೊಸ ಜಾಲ ತೆರೆಯಿತು. ಒಂದೇ ಮನೆಯಲ್ಲಿ ಹಿರಿಯ ಸೊಸೆಯಿದ್ದಂತೆ ಕಿರಿಯಳನ್ನು ತಂದಾಯಿತು. ಅದೇ ವರ್ಷದ ಕೊನೆಗೆ ಬ್ರೆಜಿಲ್‌ನಲ್ಲೂ ಫೇಸ್‌ಬುಕ್ ಮುಂದಾಯಿತು. 2014ರ ಜೂನ್ 30ರಂದು ಗೂಗಲ್ ಪ್ರಕಟಿಸಿತು: ಯೂಟ್ಯೂಬ್, ಬ್ಲಾಗರ್, ಗೂಗಲ್ ಪ್ಲಸ್‌ಗಳ ಬೆಳವಣಿಗೆ ಆರ್ಕುಟ್ ಅನ್ನು ಮೀರಿಸಿದೆ, ಹಾಗಾಗಿ ಸೆಪ್ಟೆಂಬರ್ 30ಕ್ಕೆ ಇದನ್ನು ಮುಚ್ಚುತ್ತೇವೆ. ಮುಚ್ಚಿದರು. ತಮ್ಮ ಫೋಟೊ, ಸ್ಕ್ರ್ಯಾಪುಗಳನ್ನು ಇಳಿಸಿಕೊಳ್ಳುವವರಿಗೆ 2016ರ ಸೆಪ್ಟೆಂಬರಿನವರೆಗೆ ಅವಕಾಶ ಕೊಟ್ಟರು. ಸಾರ್ವಜನಿಕ ಸಮುದಾಯಗಳ ಚರ್ಚೆಗಳನ್ನು ಒಂದು ಸಂಗ್ರಹವಾಗಿ ಇಟ್ಟರು: 5 ಕೋಟಿ 10 ಲಕ್ಷ ಸಮುದಾಯಗಳು, 12 ಕೋಟಿ ಚರ್ಚಾ ವಿಷಯಗಳು, 100 ಕೋಟಿಗೂ ಮೀರಿದ ಬರಹಗಳು. ಅದನ್ನೂ 2017ರಲ್ಲಿ ತೆಗೆದುಹಾಕಿದರು.

ಎರಡು ವರ್ಷ ಸಮಯ ಕೊಟ್ಟಿದ್ದರಲ್ಲ ಎಂದು ಕೇಳಬಹುದು. ಕೊಟ್ಟಿದ್ದರು, ನಿಜ. ಆದರೆ ಇಳಿಸಿಕೊಳ್ಳಬೇಕಾದರೆ ಹಳೆಯ ಇಮೇಲ್ ವಿಳಾಸ ನೆನಪಿರಬೇಕು, ಅದರ ಗುಪ್ತಪದ ಗೊತ್ತಿರಬೇಕು, ಇಂಥ ದಿನದೊಳಗೆ ಎಂಬ ಸುದ್ದಿ ಇಂಗ್ಲಿಷಿನಲ್ಲಾದರೂ ಕಣ್ಣಿಗೆ ಬಿದ್ದಿರಬೇಕು. ಬೆಂಗಳೂರು, ಅಮೆರಿಕದಲ್ಲಿದ್ದವರು ಮಾಡಿಕೊಂಡರು. ಕೆಫೆಯಲ್ಲಿ ತೆರೆದ ಖಾತೆಯನ್ನು ಕೆಫೆಯೊಂದಿಗೇ ಮರೆತು, ಊರಿಗೆ ಬಂದು ಒಕ್ಕಲುತನಕ್ಕೋ ಅಂಗಡಿಗೋ ಕುಳಿತವನಿಗೆ ಇದು ತಿಳಿಯುವ ಸಂಭವ ಬಹಳ ಕಡಿಮೆ. ನವಲಗುಂದದಲ್ಲಿ 1980ರ ಜುಲೈ 21ರಂದು ರೈತರ ಮೇಲೆ ಗೋಲಿಬಾರ್ ಆದದ್ದನ್ನು ಇವತ್ತಿಗೂ ವರ್ಷ ವರ್ಷ ಅದೇ ದಿನ ನೆನೆಯುತ್ತೇವೆ. ಅದನ್ನು ನೆನಪಿಡುವ ಹೊಣೆಯನ್ನು ಯಾವ ಕಂಪನಿಗೂ ಒಪ್ಪಿಸಿರಲಿಲ್ಲ. 2004ರಿಂದ 2010ರವರೆಗಿನ ನಮ್ಮ ತರುಣರ ಮಾತು, ಜಗಳ, ಪ್ರೀತಿ, ಆಡುಮಾತಿನ ಬರವಣಿಗೆ ಮಾತ್ರ ಪೂರ್ತಿಯಾಗಿ ಒಂದೇ ಕಂಪನಿಯ ಉಗ್ರಾಣದಲ್ಲಿತ್ತು. ಅದು ನಮ್ಮ ಕಟ್ಟೆಯೆಂದು ತಿಳಿದು ಕುಳಿತಿದ್ದೆವು, ಜಾಗ ಅವರದು. ಒಪ್ಪಂದದ ಕಾಗದದಲ್ಲಿ ಅವರು ಇದನ್ನು ಮೊದಲೇ ಬರೆದಿದ್ದರು; "ಒಪ್ಪಿದೆ" ಎಂದು ಒತ್ತಿದ್ದು ನಾವೇ.

ಹಾಗೆಂದು ಗೂಗಲ್‌ಗೆ ಇದರಲ್ಲಿ ವಿಶೇಷ ದ್ವೇಷವೇನೂ ಇರಲಿಲ್ಲ. ಆರ್ಕುಟ್ ಅನ್ನು ಮೀರಿಸಿದೆ ಎಂದು ಅವರು ಹೆಮ್ಮೆಯಿಂದ ಹೇಳಿದ್ದ ಗೂಗಲ್ ಪ್ಲಸ್ ಕೂಡ 2019ರ ಏಪ್ರಿಲ್ 2ರಂದು ಜನಸಾಮಾನ್ಯರ ಪಾಲಿಗೆ ಮುಚ್ಚಿತು. ಆರ್ಕುಟ್ ಎಂಬ ಮನುಷ್ಯ ಮಾತ್ರ ಆರಾಮಾಗಿದ್ದಾನೆ. ಗೂಗಲ್ ಬಿಟ್ಟು 2016ರಲ್ಲಿ ಹಲೋ ಎಂಬ ಇನ್ನೊಂದು ಜಾಲ ಕಟ್ಟಿದ. 2018ರಲ್ಲಿ ಅದನ್ನು ಹಿಡಿದು ಭಾರತಕ್ಕೂ ಬಂದ. ಇಲ್ಲಿ ಅದು ಹತ್ತಲಿಲ್ಲ. 2022ರಲ್ಲಿ ಹಳೆಯ ವಿಳಾಸದಲ್ಲಿಯೇ ಒಂದು ಪತ್ರ ಹಾಕಿ, ಹೊಸದೇನೋ ಕಟ್ಟುತ್ತಿದ್ದೇನೆ ಎಂದು ತಿಳಿಸಿದ.

ನಿಮ್ಮ ತಾಲೂಕಿನ ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್, ಆನ್‌ಲೈನ್ ಅರ್ಜಿ, ಬೆಳೆವಿಮೆ ಎಂದು ಫಲಕ ಹಾಕಿದ ಅಂಗಡಿ ಇದ್ದೇ ಇರುತ್ತದೆ. ಅಲ್ಲಿ ಕುಳಿತವರು ನಲವತ್ತರ ಆಸುಪಾಸಿನವರಾಗಿದ್ದರೆ, ಜನ ಕಡಿಮೆ ಇರುವ ಮಧ್ಯಾಹ್ನ ಹೋಗಿ, ಅಣ್ಣಾರ, ನಿಮ್ಮ ಹಳೆಯ ಸೀಡಿ, ಹಾರ್ಡ್ ಡಿಸ್ಕ್ ಏನರ ಉಳದಾವೇನ್ರೀ ಎಂದು ಕೇಳಿ. ಗೆಳೆಯರ ಪುಟಗಳನ್ನು ಆಗ ಇಳಿಸಿಟ್ಟುಕೊಂಡವರು ಅಲ್ಲಲ್ಲಿ ಒಬ್ಬಿಬ್ಬರು ಇರಬಹುದು. ಸಿಕ್ಕರೆ, ಯಾರ ಗುಟ್ಟೂ ಬಯಲಾಗದಂತೆ, ಅವರ ಒಪ್ಪಿಗೆ ಪಡೆದು, ನಿಮ್ಮ ಕಾಲೇಜಿನ ಕನ್ನಡ ವಿಭಾಗಕ್ಕೆ ಒಂದು ಪ್ರತಿ ತಂದುಕೊಡಿ.